ಕಾನ್ವೆಂಟ್ ಗೇಟಿನ ಹೊರಗೆ ನಿಂತವರು ಯಾರು?

ಸಿಂಧನೂರಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ ಅಂದರೆ 'ಕಾನ್ವೆಂಟ್'. ಅದನ್ನು ನಡೆಸುವವರು ಲಿಂಗಾಯತರೋ, ರೆಡ್ಡಿಗಳೋ, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರೋ ಅಥವಾ ನಿಜಕ್ಕೂ ಕ್ರೈಸ್ತ ಸಂಸ್ಥೆಯೋ ಅನ್ನೋದು ಎರಡನೇ ಮಾತು. "ಹುಡುಗ ಕಾನ್ವೆಂಟ್ ಸಾಲಿಗೆ ಹೋಗ್ತಾನ್ರಿ" ಅನ್ನುವಾಗ ಅಪ್ಪ-ಅವ್ವನ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಇರುತ್ತೆ. ಕ್ರೈಸ್ತ ಸನ್ಯಾಸಿನಿಯರ ಮಠಕ್ಕಿದ್ದ ಹೆಸರು ತುಂಗಭದ್ರಾ ಎಡದಂಡೆಯ ಭತ್ತದ ನಾಡಿನಲ್ಲಿ ಒಳ್ಳೆಯ ಶಾಲೆಯ ಹೆಸರಾಗಿಬಿಟ್ಟಿದೆ.

ಆದರೆ ಕ್ರೈಸ್ತ ಶಾಲೆಗಳ ಬಗ್ಗೆ ನಾವು ನಡೆಸುವ ಚರ್ಚೆ ಮಾತ್ರ ಮತಾಂತರದ ಆಚೆಗೆ ಹೋಗುವುದೇ ಇಲ್ಲ. 2022ರ ಏಪ್ರಿಲ್ ನೆನಪಿಸಿಕೊಳ್ಳಿ. ಹಿಜಾಬ್ ಗಲಾಟೆಯ ಬಿಸಿ ಆರುವ ಮೊದಲೇ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನ ಬೈಬಲ್ ವಿವಾದ ಶುರುವಾಯಿತು. ಮಗು ಬೈಬಲ್ ತರಲು, ಬೈಬಲ್ ತರಗತಿಯಲ್ಲಿ ಕೂರಲು ಆಕ್ಷೇಪವಿಲ್ಲ ಅಂತ ಪ್ರವೇಶದ ಅರ್ಜಿಯಲ್ಲೇ ಪೋಷಕರಿಂದ ಬರೆಸಿಕೊಳ್ಳುತ್ತಾರೆ ಅನ್ನೋದು ದೂರು. ಈ ಪ್ರಶ್ನೆಗೆ ಸಂವಿಧಾನದ 28(3)ನೇ ವಿಧಿಯಲ್ಲೇ ಉತ್ತರವಿದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆ ಧರ್ಮಬೋಧನೆ ಮಾಡಬಹುದು, ಆದರೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಅದರಲ್ಲಿ ಕೂರಿಸುವಂತಿಲ್ಲ. ಸೀಟು ಬೇಕಿದ್ದರೆ ಸಹಿ ಹಾಕಿ ಅನ್ನೋದು ನನ್ನ ಪ್ರಕಾರ ಒಪ್ಪಿಗೆಯೇ ಅಲ್ಲ. ಶಾಲೆಗೆ ಇಷ್ಟು ಹೇಳಿ ಮುಗಿಸಬಹುದಿತ್ತು. ನಮ್ಮ ಟಿವಿಗಳಿಗೆ ಅಷ್ಟು ಸಾಲದು ಬಿಡಿ.

ನನಗೆ ಕಾಡುವ ಪ್ರಶ್ನೆ ಬೇರೆ. ಆ ತರಗತಿಯೊಳಗೆ ಯಾವ ಪುಸ್ತಕ ಇದೆ ಅನ್ನೋದಕ್ಕಿಂತ, ಯಾವ ಮಗು ಇದೆ? ಗಂಜ್‌ನಲ್ಲಿ ಹಮಾಲಿ ಮಾಡುವವರ ಮಗು, ಭತ್ತದ ನಾಟಿಗೆ ಹೋಗುವ ಮಾದಿಗರ ಮನೆಯ ಮಗು ಅಲ್ಲಿದೆಯಾ?

ಈ ಪ್ರಶ್ನೆ ಇವತ್ತಿನದಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಪ್ರವೇಶ ಸಿಗಲಿಲ್ಲ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟುಹೋದಾರು ಅನ್ನೋ ಲೆಕ್ಕ ಹಾಕಿ ಬಾಂಬೆ ಸರ್ಕಾರವೂ ನಿರಾಕರಣೆಯನ್ನೇ ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕು ಎಂಬ ಮಾತು 1858ರಲ್ಲಿ ಲಂಡನ್ನಿನಿಂದ ಬರಬೇಕಾಯಿತು. ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಬಗ್ಗೆ ಹೇಳಿಕೆ ಸಲ್ಲಿಸುವಾಗ ಅಂಬೇಡ್ಕರ್ ಈ ಧಾರವಾಡದ ಪ್ರಕರಣವನ್ನು ಎತ್ತಿದ್ದರು. ಮಿಷನ್ ಶಾಲೆಗಳೂ ಜಾತಿಯಿಂದ ಪೂರ್ತಿ ಮುಕ್ತವಾಗಿರಲಿಲ್ಲ. ಆದರೂ ಸರ್ಕಾರವೇ ಬಾಗಿಲು ಹಾಕಿಕೊಂಡ ಕಾಲದಲ್ಲಿ ದಲಿತ ಮಕ್ಕಳಿಗೆ ಅಕ್ಷರ ಕಲಿಸಿದವರ ಸಾಲಿನಲ್ಲಿ ಮಿಷನರಿಗಳು ಮುಂದಿದ್ದರು. ಇವತ್ತು ಕ್ರೈಸ್ತ ಶಾಲೆಗಳಿಗೆ ಇರುವ ನೈತಿಕ ಬಂಡವಾಳ ಅಲ್ಲಿಂದ ಬಂದದ್ದು.

ಆ ಪರಂಪರೆ ಸತ್ತಿಲ್ಲ. ಸಿಂಧನೂರಿನ ಪಕ್ಕದ ಮಾನ್ವಿಯಲ್ಲಿ ಜೆಸ್ವಿಟ್ ಪಾದ್ರಿಗಳು ಲೊಯೋಲಾ ಹೆಸರಿನಲ್ಲಿ ಶಾಲೆ ನಡೆಸುತ್ತಾರೆ, ಅದೂ ಕನ್ನಡ ಮಾಧ್ಯಮದಲ್ಲಿ. ಸುತ್ತಲ ಹಳ್ಳಿಗಳ ದಲಿತ ಮಕ್ಕಳಿಗಾಗಿ ಕಟ್ಟಿದ ಶಾಲೆ ಅದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದಾಗ ರಾಯಚೂರು ಜಿಲ್ಲೆಯದ್ದು ಶೇ. 60ರ ಒಳಗೇ ಇತ್ತು. ಇಂಥ ಕಡೆ ಇಂಥ ಶಾಲೆ ತೆರೆಯುವುದು 30ನೇ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟಿರುವ ಹಕ್ಕಿನ ಚೆಂದದ ಬಳಕೆ.

ಅದೇ ಹಕ್ಕಿನ ಇನ್ನೊಂದು ಬಳಕೆಯೂ ಇದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇ. 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಇಡಿ, ಅವರ ಶುಲ್ಕವನ್ನು ಸರ್ಕಾರ ಭರಿಸುತ್ತದೆ ಎಂದಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಇದರಿಂದ ಹೊರಗಿಟ್ಟಿತು. 2014ರ ಪ್ರಮತಿ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ವಿನಾಯಿತಿ ಕೊಟ್ಟಿತು. ನಾನು ಓದಿದ್ದು ಇಂಜಿನಿಯರಿಂಗ್. ಪೈಪಿಗೆ ಬೈಪಾಸ್ ವಾಲ್ವ್ ಇಟ್ಟರೆ ನೀರು ಯಾವ ಕಡೆ ಹೋಗುತ್ತೆ ಅಂತ ಹೇಳೋಕೆ ಡಿಗ್ರಿಯೇನೂ ಬೇಡ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ 2021ರ ವರದಿಯ ಪ್ರಕಾರ ದೇಶದ ಕ್ರೈಸ್ತ ಶಾಲೆಗಳಲ್ಲಿ ಶೇ. 74 ಮಕ್ಕಳು ಕ್ರೈಸ್ತರಲ್ಲ. ಒಟ್ಟಾರೆ ಅಲ್ಪಸಂಖ್ಯಾತ ಶಾಲೆಗಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಮಕ್ಕಳು ಶೇ. 8.76 ಮಾತ್ರ. ಆಯೋಗದ ಉದ್ದೇಶದ ಬಗ್ಗೆ ಅನುಮಾನ ಪಡುವವರಿದ್ದಾರೆ, ನನಗೂ ಇದೆ. ಆದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೇರೆ ಧರ್ಮದವರಿಗೆ ಬಾಗಿಲು ತೆರೆದೇ ಇದೆ, ಬಡವರಿಗೆ ಇಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವೇ ಪ್ರಮತಿ ತೀರ್ಪು ಸರಿಯೇ ಎಂಬ ಅನುಮಾನ ವ್ಯಕ್ತಪಡಿಸಿ, ದೊಡ್ಡ ಪೀಠ ಬೇಕೇ ಎಂಬುದನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಬಿಟ್ಟಿತು.

ಇಲ್ಲಿ ಇನ್ನೊಂದು ಸಿಕ್ಕು ಇದೆ. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿ ಸ್ಥಾನ. ಕರ್ನಾಟಕದಲ್ಲಿ ಕ್ರೈಸ್ತರಾದ ದಲಿತರು ಪ್ರವರ್ಗ-1ಕ್ಕೆ ಜಾರುತ್ತಾರೆ. ಹಾಗಾಗಿ ಭಾನುವಾರ ಪ್ರಾರ್ಥನೆಗೆ ಹೋಗುವ ದಲಿತ ಕುಟುಂಬ ಕಾಗದದಲ್ಲಿ ಹಿಂದೂ ಆಗಿಯೇ ಉಳಿದರೆ ಅದನ್ನು ಮೋಸ ಅನ್ನಲಾರೆ. ಆ ಮನೆಯ ಮಗುವಿಗೆ ಆಗುವುದೇನು? 'ಅಲ್ಪಸಂಖ್ಯಾತ' ಅಂತ ಹೇಳಿಕೊಳ್ಳಲು ಕಾಗದ ಇಲ್ಲ. ಬಡ ದಲಿತ ಮಗುವಾಗಿ ಶೇ. 25ರ ಸೀಟು ಕೇಳೋಣ ಅಂದರೆ ಶಾಲೆಗೆ ವಿನಾಯಿತಿ. ಯಾರ ಹೆಸರಿನಲ್ಲಿ ಮಿಷನ್ ಶುರುವಾಯಿತೋ ಅವರೇ ಎರಡೂ ಕಡೆಯಿಂದ ಹೊರಗೆ.

ಇದನ್ನು ಓದಿ ಕ್ರೈಸ್ತ ಶಾಲೆಗಳ ಮೇಲೆ ಮುಗಿಬೀಳಲು ಹೊರಟವರು ಸ್ವಲ್ಪ ತಡೀರಿ. 2019ರ ಆರಂಭದಲ್ಲಿ ಅಂದಿನ ಜೆಡಿಎಸ್-ಕಾಂಗ್ರೆಸ್ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಶೇ. 25 ಸೀಟು ಕೊಡಬೇಕಿಲ್ಲ ಎಂದಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಬಂದ ಬಿಜೆಪಿ ಸರ್ಕಾರವೂ ಅದನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಸರ್ಕಾರಿ ಶಾಲೆ ಉಳಿಸಲು ಈ ತಿದ್ದುಪಡಿ ಅಂದರು. ಸರಿ, ಉಳಿಸಿ. ಆದರೆ ಶಿಕ್ಷಕರೇ ಸಾಲದ ಶಾಲೆಗೆ ಬಡವರ ಮಗುವನ್ನು ಮಾತ್ರ ಕಳಿಸಿ ಉಳಿಸೋದು ಯಾವ ಸೀಮೆಯ ನ್ಯಾಯ? ಒಂದು ವಾಲ್ವನ್ನು ಕೋರ್ಟ್ ಇಟ್ಟಿತು, ಇನ್ನೊಂದನ್ನು ವಿಧಾನಸೌಧವೇ ಇಟ್ಟಿತು. ಎರಡನೆಯದರ ಲಾಭ ಹಿಂದೂ ಮಾಲೀಕರ 'ಕಾನ್ವೆಂಟು'ಗಳಿಗೂ ಸಿಕ್ಕಿದೆ. ಬೈಬಲ್ ವಿರುದ್ಧ ಬೀದಿಗಿಳಿದವರು ಇದರ ವಿರುದ್ಧ ಇಳಿದಿದ್ದನ್ನು ನಾನಂತೂ ಕಂಡಿಲ್ಲ.

30ನೇ ವಿಧಿಯನ್ನು ಕಿತ್ತುಹಾಕಿ ಅನ್ನುವವರ ಜೊತೆ ನಾನಿಲ್ಲ. ಇವತ್ತಿನ ರಾಜಕೀಯದಲ್ಲಿ ಆ ರಕ್ಷಣೆ ಬೇಕೇ ಬೇಕು. ಆದರೆ ವಿನಾಯಿತಿ ಅಂದರೆ ಬಡವರನ್ನು ಸೇರಿಸಿಕೊಳ್ಳಬೇಡಿ ಅಂತೇನೂ ಅಲ್ಲವಲ್ಲ. ಧರ್ಮಪ್ರಾಂತ್ಯಗಳ ಶಿಕ್ಷಣ ಮಂಡಳಿಗಳು ದೊಡ್ಡ ಪೀಠದ ತೀರ್ಪಿಗೆ ಕಾಯದೆ, ತಮ್ಮ ಪ್ರತಿ ಶಾಲೆಯ ಒಂದನೇ ತರಗತಿಯಲ್ಲಿ ಶುಲ್ಕವಿಲ್ಲದೆ ಓದುವ ಮಕ್ಕಳು ಎಷ್ಟು, ಅದರಲ್ಲಿ ದಲಿತರು ಎಷ್ಟು ಅನ್ನೋದನ್ನು ಈ ದಾಖಲಾತಿ ಸಮಯದಲ್ಲೇ ಶಾಲೆಯ ನೋಟಿಸ್ ಬೋರ್ಡಿಗೆ ಹಾಕಲಿ. ಬೆಂಗಳೂರಿನಿಂದಲೇ ಶುರುವಾಗಲಿ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸರದಿ ಆಮೇಲೆ ಬರಲಿ.