ಪೋಲಾಗುವ ಶಾಖ: ಯಂತ್ರಕ್ಕೆ ಮೊದಲು ಲೆಕ್ಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವನ್ನು ಬರೆಯಬೇಕೆಂದು ಸಂಪಾದಕರು ಅಪೇಕ್ಷಿಸಿದರು. ಹಳೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಜನರಿರುವುದರಿಂದ ನಾನು ನಮ್ಮ ಭಾಗದ ಒಂದು ವೈಜ್ಞಾನಿಕ ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ.

ಕುಂಭಾರಿಯ ಸುತ್ತಮುತ್ತ ಶಾಖಕ್ಕೆ ಬರವಿಲ್ಲ. ಸೊಲ್ಲಾಪುರದ ಚಾದರ, ಟವೆಲ್ಲುಗಳಿಗೆ ಬಣ್ಣ ಹಾಕುವ ಕಾರ್ಖಾನೆಗಳಿಂದ ಬಿಸಿನೀರು ಹೊರಬೀಳುತ್ತದೆ. ಸಕ್ಕರೆ ಕಾರ್ಖಾನೆಗಳ ಚಿಮಣಿಗಳಿಂದ ಬಿಸಿಹೊಗೆ ಏಳುತ್ತದೆ. ಇದರಿಂದ ವಿದ್ಯುತ್ತನ್ನು ಪಡೆಯಬಾರದೇಕೆ? ಪಡೆಯಬಹುದು. ಆದರೆ ಯಂತ್ರವನ್ನು ಕೊಳ್ಳುವ ಮೊದಲು ಅದರ ಟರ್ಬೈನಿನೊಳಗಿನ ಹರಿವನ್ನು ನಮ್ಮ ಹವೆಗೆ ತಕ್ಕಂತೆ ಗಣಕಯಂತ್ರದಲ್ಲಿ ಲೆಕ್ಕಹಾಕಿ ನೋಡಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ತೊಂಬತ್ತು ಡಿಗ್ರಿಯ ನೀರು ಬೇರೆ ನೀರನ್ನು ಕುದಿಸಲಾರದು, ಪೆಂಟೇನನ್ನು ಕುದಿಸಬಲ್ಲದು. ಅದರ ಕುದಿಬಿಂದು 36 ಡಿಗ್ರಿ ಸೆಲ್ಸಿಯಸ್ ಮಾತ್ರ. ಇಂತಹ ದ್ರವದ ಆವಿಯಿಂದ ಟರ್ಬೈನನ್ನು ತಿರುಗಿಸಿ, ಆವಿಯನ್ನು ತಂಪುಗೊಳಿಸಿ, ಮತ್ತೆ ದ್ರವವನ್ನಾಗಿಸಿ ಬಳಸುವ ಕ್ರಮ ಹೊಸದಲ್ಲ. ಇಸ್ರೇಲಿನ ಹ್ಯಾರಿ ಟೇಬರ್ ಮತ್ತು ಲೂಸಿಯನ್ ಬ್ರೋನಿಕಿ ಇದೇ ತತ್ತ್ವದ ಸೌರ ಟರ್ಬೈನನ್ನು 1961ರಲ್ಲಿಯೇ ರೋಮಿನ ಸಮ್ಮೇಳನದಲ್ಲಿ ತೋರಿಸಿದ್ದರು. ಪೆಂಟೇನ್ ಬೇಗ ಹೊತ್ತಿಕೊಳ್ಳುವ ವಸ್ತುವೆಂಬುದನ್ನು ಮಾತ್ರ ಮರೆಯಲಾಗದು.

ಕಷ್ಟವಿರುವುದು ಹರಿವಿನಲ್ಲಿ. ಪೆಂಟೇನಿನ ಅಣು ನೀರಿನ ಅಣುವಿನ ನಾಲ್ಕು ಪಟ್ಟು ಭಾರ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಈ ಬಿಸಿ ಆವಿಯಲ್ಲಿ ಸುಮಾರು 200 ಮೀಟರ್ ಮಾತ್ರ ಸಾಗುತ್ತದೆ. ಆದ್ದರಿಂದ ಟರ್ಬೈನಿನ ನಳಿಕೆಯಲ್ಲಿ ಆವಿಯು ಶಬ್ದದ ವೇಗವನ್ನು ಸುಲಭವಾಗಿ ಮೀರುತ್ತದೆ. ಆಘಾತ ತರಂಗಗಳು ಹುಟ್ಟಿ, ಅಲಗುಗಳಿಗೆ ಸಲ್ಲಬೇಕಾದ ಶಕ್ತಿ ನಷ್ಟವಾಗುತ್ತದೆ. ನಾವು ಶಾಲೆಯಲ್ಲಿ ಕಲಿತ ಆದರ್ಶ ಅನಿಲದ ನಿಯಮವೂ ಇಲ್ಲಿ ಸಾಲದು. ದ್ರವವಾಗುವ ಹಂತದ ಸಮೀಪವಿರುವ ಆವಿಗೆ 1976ರ ಪೆಂಗ್–ರಾಬಿನ್‌ಸನ್ ಸಮೀಕರಣದಂತಹವು ಬೇಕು. ಹರಿವಿನ ದಾರಿಯನ್ನು ಲಕ್ಷಗಟ್ಟಲೆ ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ರಾಶಿ, ಸಂವೇಗ, ಶಕ್ತಿಗಳ ಜಮಾಖರ್ಚನ್ನು ಸರಿದೂಗಿಸುವುದೇ ಗಣಕಯಂತ್ರದ ಕೆಲಸ.

ಈಗ ನಮ್ಮ ಬಿಸಿಲಿಗೆ ಬರೋಣ. ಗಾಳಿಯಿಂದ ತಂಪಾಗುವ ಯಂತ್ರದಲ್ಲಿ ಆವಿಯು ಹೊರಗಿನ ಹವೆಗಿಂತ ಹತ್ತು ಡಿಗ್ರಿ ಹೆಚ್ಚಿನ ಉಷ್ಣತೆಯಲ್ಲಿ ದ್ರವವಾಗುತ್ತದೆಂದು ಭಾವಿಸಿದರೆ, ಹವೆ 20 ಡಿಗ್ರಿ ಇರುವಾಗ ಟರ್ಬೈನಿನ ಹಿಂಬದಿಯ ಒತ್ತಡ ಸುಮಾರು 0.8 ಬಾರ್, 40 ಡಿಗ್ರಿಯ ವೈಶಾಖದಲ್ಲಿ ಸುಮಾರು 1.6 ಬಾರ್. ಒತ್ತಡ ಇಮ್ಮಡಿಯಾದಾಗ ತಂಪು ದೇಶಕ್ಕೆಂದು ಕಡೆದ ನಳಿಕೆಯಲ್ಲಿ ಆಘಾತ ತರಂಗದ ಸ್ಥಾನವೇ ಬದಲಾಗಬಹುದು. ಮಾರುವವರ ಪುಸ್ತಿಕೆಯಲ್ಲಿ ಒಂದೇ ಅಂಕಿ ಇದ್ದರೆ ಅದು ಯಾವ ಹವೆಯದೆಂದು ಕೇಳಬೇಕು. ಕಬ್ಬು ಅರೆಯುವ ಹಂಗಾಮು ಬಹುಮಟ್ಟಿಗೆ ಚಳಿಗಾಲದಲ್ಲಿ ಬರುವುದು ಸಕ್ಕರೆ ಕಾರ್ಖಾನೆಗಳ ಅದೃಷ್ಟ; ಬಣ್ಣದ ಕಾರ್ಖಾನೆಗೆ ಆ ಅನುಕೂಲವಿಲ್ಲ. ಸಹಕಾರಿ ಕಾರ್ಖಾನೆಯಲ್ಲಿ ತೊಡಗುವುದು ಕಬ್ಬು ಬೆಳೆದವರ ಷೇರು ಹಣವಾದ್ದರಿಂದ ಈ ಪ್ರಶ್ನೆಯನ್ನು ಕೇಳುವ ಹಕ್ಕು ರೈತನಿಗೂ ಉಂಟು.

ಆಸೆಗೂ ಮಿತಿಯಿರಲಿ. ಮೂಲ 90 ಡಿಗ್ರಿ, ಹವೆ 42 ಡಿಗ್ರಿ ಇದ್ದಾಗ ಪ್ರಕೃತಿ ನಿಯಮವೇ ನೂರಕ್ಕೆ 13ಕ್ಕಿಂತ ಹೆಚ್ಚು ಕೊಡದು. ನಿಜವಾಗಿ ಕೈಗೆ ಸಿಗುವುದು ಅದರ ಅರ್ಧದಷ್ಟು. ಫತಾಟೇವಾಡಿಯ 1320 ಮೆಗಾವಾಟಿನ ವಿದ್ಯುತ್ ಸ್ಥಾವರವು ತಂಪು ಗೋಪುರದಲ್ಲಿ ಬಿಡುವ ಶಾಖ ಅಪಾರವಾದರೂ ಅದರ ಉಷ್ಣತೆ ತೀರ ಕಡಿಮೆ. ಬಣ್ಣದ ಕಾರ್ಖಾನೆಗಳಂತೂ ಮೊದಲು ಒಳಬರುವ ತಣ್ಣೀರನ್ನು ಹೊರಹೋಗುವ ಬಿಸಿನೀರಿನಿಂದ ಕಾಯಿಸಿಕೊಳ್ಳಲಿ. ವಿದ್ಯುತ್ತಿನ ಮಾತು ಆಮೇಲೆ.

ಗಣಕಯಂತ್ರದ ಉತ್ತರವನ್ನೂ ಪ್ರಯೋಗದಿಂದ ಒರೆಗೆ ಹಚ್ಚಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2017ರಲ್ಲಿ ಇಂಗಾಲದ ಡೈಆಕ್ಸೈಡನ್ನು ಕಾರ್ಯದ್ರವವಾಗಿ ಬಳಸುವ ಪರೀಕ್ಷಾ ವ್ಯವಸ್ಥೆಯನ್ನು ಲೋಕಾರ್ಪಣೆ ಮಾಡಿದ್ದು ಇದೇ ಕಾರಣದಿಂದ ಮಹತ್ತ್ವದ್ದು.

ಲೆಕ್ಕದ ಸಾಧನ ಈಗ ದುಬಾರಿಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಹೊರತಂದ ‘ಎಸ್‌ಯು2’ ಎಂಬ ತಂತ್ರಾಂಶ ಎಲ್ಲರಿಗೂ ಉಚಿತ. ನಿಜ ಅನಿಲಗಳ ಸಮೀಕರಣಗಳೂ ಅದರಲ್ಲಿವೆ. ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ ಮುಂದೆ ಮರಾಠಿ, ಇಂಗ್ಲಿಷುಗಳತ್ತ ಹೊರಳಬೇಕಾದ ಗಡಿನಾಡಿನ ನಮ್ಮ ಮಕ್ಕಳು ಇಂತಹ ಲೆಕ್ಕವನ್ನು ಮಾಡಬಲ್ಲರೆಂದು ನಾನು ದೃಢವಾಗಿ ನಂಬಿದ್ದೇನೆ. ಒತ್ತಡ, ವೇಗ, ಸಂವೇಗಗಳ ಅರ್ಥ ಮೊದಲು ಅವರ ಭಾಷೆಯಲ್ಲಿ ಗಟ್ಟಿಯಾಗಲಿ. ಈ ವರ್ಷವೇ ಎಂಟು, ಒಂಬತ್ತನೆಯ ತರಗತಿಯವರು ಬಣ್ಣದ ಕಾರ್ಖಾನೆಯೊಂದರ ಅನುಮತಿ ಪಡೆದು, ಗುರುಗಳೊಡನೆ ಹೋಗಿ, ಹೊರಬರುವ ನೀರಿನ ಪ್ರಮಾಣವನ್ನೂ ಉಷ್ಣತೆಯನ್ನೂ ಹನ್ನೆರಡು ತಿಂಗಳು ಬರೆದಿಡಲೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ.