ಒಂದು ಕೋಟೆ, ನಾಲ್ಕು ಪುಸ್ತಕ

ನಮ್ಮ ವಿದ್ಯಾರ್ಥಿಗಳಲ್ಲಿ ಓದುವ ಅಭ್ಯಾಸವೇ ಇಲ್ಲವೆಂದು ಹಿರಿಯರು ಆಗಾಗ ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಓದುವವರು ಇದ್ದಾರೆ; ಆದರೆ ಒಂದೊಂದು ಬೀರುವಿಗೆ ಒಂದೊಂದು ಪಂಗಡವಾಗಿ ಹಂಚಿಹೋಗಿದ್ದಾರೆ. ಕಾದಂಬರಿಪ್ರಿಯನು ಇತಿಹಾಸದ ಬೀರುವಿನ ಕಡೆ ಸುಳಿಯುವುದಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಕಾದಂಬರಿಯೆಂದರೆ ರಜೆಯ ದಿನದ ಸರಕು. ಯುದ್ಧದ ಗ್ರಂಥ ನಮಗೇಕೆಂದು ಇಬ್ಬರೂ ಬಿಡುತ್ತಾರೆ. ಶಾಸನ, ಓಲೆಗರಿಗಳನ್ನು ಸಂಗ್ರಹಿಸಿದವರ ದಪ್ಪ ಸಂಪುಟಗಳನ್ನಂತೂ ಕೇಳುವವರಿಲ್ಲ. ಈ ನಾಲ್ಕು ಬಗೆಯವನ್ನೂ ಜೊತೆಗಿಟ್ಟು ಓದದ ಹೊರತು ನಾಡಿನ ಹಿಂದಿನ ಒಂದು ಸಂಗತಿಯೂ ನಮಗೆ ಸರಿಯಾಗಿ ತಿಳಿಯಲಾರದು ಎಂಬುದು ನನ್ನ ನಮ್ರ ಅಭಿಪ್ರಾಯ.

ಉದಾಹರಣೆಗೆ ಚಿತ್ರದುರ್ಗದ ಪತನವನ್ನೇ ತೆಗೆದುಕೊಳ್ಳೋಣ. 1779ರಲ್ಲಿ ಹೈದರಾಲಿಯು ದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಹಿಡಿದನೆಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಆದರೆ ಏಳು ಸುತ್ತಿನ ಕೋಟೆ, ಬಂಡೆಯ ಮೇಲೆ ಬಂಡೆ, ಒಳಗೆ ನೀರಿನ ಹೊಂಡಗಳು, ದವಸದ ಕಣಜಗಳು, ಎಣ್ಣೆಯ ಕೊಳ. ಇಷ್ಟಿದ್ದೂ ಆ ಕೋಟೆ ಬಿದ್ದುದು ಹೇಗೆ? ನಮ್ಮ ಒಂದು ಸಾಲಿನ ಉತ್ತರದಲ್ಲಿ ಈ ಪ್ರಶ್ನೆಗೆ ಎಡೆಯೇ ಇಲ್ಲ.

ಮೊದಲು ಇತಿಹಾಸಕಾರರನ್ನು ಕೇಳಬೇಕು. ಕರ್ನಲ್ ವಿಲ್ಕ್ಸನು ಮೈಸೂರಿನ ಇತಿಹಾಸವನ್ನು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರೂ ಉಂಟು. 1777ರ ಮುತ್ತಿಗೆಗೆ ಕೋಟೆ ದಕ್ಕಲಿಲ್ಲವೆಂದೂ, ನಾಯಕನ ಸೇವೆಯಲ್ಲಿದ್ದವರೇ ಕೆಲವರು ಹಗೆಯ ಕಡೆ ತಿರುಗಿದ್ದರಿಂದ 1779ರಲ್ಲಿ ಅದು ಬಿದ್ದಿತೆಂದೂ, ಆಮೇಲೆ 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಅವರಲ್ಲಿ ವಯಸ್ಸಿಗೆ ಬಂದ ಹುಡುಗರಿಂದ ಚೇಲಾ ಪಟಾಲಮುಗಳನ್ನು ಕಟ್ಟಲಾಯಿತೆಂದೂ ರೈಸ್ ಬರೆಯುತ್ತಾರೆ. ಆದರೆ ವಿಲ್ಕ್ಸನು ಮೈಸೂರಿನಲ್ಲಿ ಕಂಪೆನಿಯ ರೆಸಿಡೆಂಟನಾಗಿದ್ದವನು. 1799ರಲ್ಲಿ ಗೆದ್ದ ಪಕ್ಷದವನು. ಹೈದರನನ್ನು ಕುರಿತು ಅವನಾಡುವ ಮಾತನ್ನು ಇದನ್ನು ನೆನಪಿನಲ್ಲಿಟ್ಟೇ ಓದಬೇಕು.

ಇನ್ನು ಯುದ್ಧದ ಗ್ರಂಥ. ಕೌಟಿಲ್ಯನ ಅರ್ಥಶಾಸ್ತ್ರದ ಹದಿಮೂರನೆಯ ಅಧಿಕರಣವು ಕೋಟೆಯನ್ನು ವಶಪಡಿಸಿಕೊಳ್ಳುವ ವಿಚಾರಕ್ಕೇ ಮೀಸಲು. ಅಲ್ಲಿ ಹೇಳಿರುವ ಉಪಾಯಗಳು ಐದು: ಒಳಗಿನವರನ್ನು ಒಡೆಯುವುದು, ಗೂಢಚಾರರನ್ನು ನುಗ್ಗಿಸುವುದು, ಉಪಾಯದಿಂದ ಶತ್ರುವನ್ನು ಹೊರಗೆಳೆಯುವುದು, ಮುತ್ತಿಗೆ ಹಾಕಿ ಕೂರುವುದು, ಏರಿ ಬಂದು ಬಡಿಯುವುದು. ಗೋಡೆ ಒಡೆಯುವುದು ಐದರಲ್ಲಿ ಒಂದು ಮಾತ್ರ. ಇದನ್ನು ಓದಿದವನಿಗೆ ದುರ್ಗದ ಕಥೆ ಬೇರೆಯಾಗಿ ಕಾಣುತ್ತದೆ. ಕಲ್ಲು ಸೋಲಲಿಲ್ಲ, ಒಳಗಿದ್ದವರ ಒಗ್ಗಟ್ಟು ಸೋತಿತು.

ಈ ಅರ್ಥಶಾಸ್ತ್ರವಾದರೂ ನಮಗೆ ದೊರೆತುದು ಹೇಗೆ? ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಅದು ಅಡಗಿದ್ದಿತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ರೈಸ್ ಅವರೂ ಊರೂರು ಶೋಧಿಸಿ ಸುಮಾರು 9,000 ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಕೂಡಿಸಿದರು. ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಗೆದ್ದವನು ಬರೆಯದ ಮಾತು ಇಂಥ ಸಂಗ್ರಹಗಳಲ್ಲಿ ಉಳಿದಿರುತ್ತದೆ. ಸಂಗ್ರಹಕಾರನದು ಹೆಸರು ತರುವ ಕೆಲಸವಲ್ಲ. ಆದರೆ ಅವನು ಕೂಡಿಡದಿದ್ದರೆ ಇತಿಹಾಸಕಾರನು ಬರೆಯುವುದೇನನ್ನು?

ಕಡೆಯದು ಕಾದಂಬರಿ. ದುರ್ಗದ ಪಾಳೆಯಗಾರರ ಮೇಲೆ ತ. ರಾ. ಸುಬ್ಬರಾಯರು ‘ಕಂಬನಿಯ ಕುಯಿಲು’ ಮೊದಲಾದ ಕಾದಂಬರಿಗಳನ್ನು ಬರೆದು, 1982ರಲ್ಲಿ ‘ದುರ್ಗಾಸ್ತಮಾನ’ವನ್ನು ಕೊಟ್ಟರು. 20,000 ಎಂಬುದು ಗ್ಯಾಸೆಟಿಯರಿನಲ್ಲಿ ಒಂದು ಅಂಕಿ. ಅದರ ಹಿಂದಿನ ಮನೆಗಳನ್ನೂ ಮನಸ್ಸುಗಳನ್ನೂ ತೋರಿಸಬಲ್ಲವನು ಕಾದಂಬರಿಕಾರನು. ಆದರೆ ಅಪಾಯವೂ ಅಲ್ಲಿಯೇ ಇದೆ. ಒನಕೆ ಓಬವ್ವನ ಕಥೆ ಜನರ ಬಾಯಿಂದ ಬಾಯಿಗೆ ಬಂದುದು. ನಮ್ಮಲ್ಲಿ ಬಹುಮಂದಿ ಅದನ್ನು ತಿಳಿದದ್ದು 1972ರ ‘ನಾಗರಹಾವು’ ಚಿತ್ರದ ಹಾಡಿನಿಂದ. ಅವಳಲ್ಲಿ ಅಭಿಮಾನವಿರಲಿ. ಆದರೆ ಬಾಯಿಮಾತು ಯಾವುದು, ಬರಹದ ದಾಖಲೆ ಯಾವುದು, ಕವಿಯ ಕಲ್ಪನೆ ಯಾವುದು ಎಂಬ ವಿವೇಕ ತಪ್ಪಬಾರದು. ಅದು ತಪ್ಪಿದ ದಿನ ಮದಕರಿ, ಹೈದರರ ಹೆಸರು ಹಿಡಿದು ಇಂದಿನವರು ಜಗಳವಾಡುವಂತಾಗುತ್ತದೆ.

ಪರೀಕ್ಷೆಯ ಅವಸರದಲ್ಲಿ ನಾಲ್ಕು ಪುಸ್ತಕ ಓದುವ ವ್ಯವಧಾನವೆಲ್ಲಿದೆ ಎಂದು ಮಿತ್ರರು ಕೇಳಬಹುದು. ನಾಲ್ಕನ್ನೂ ಮೊದಲಿನಿಂದ ಕಡೆಯವರೆಗೆ ಓದಬೇಕೆಂದು ನಾನು ಹೇಳುವುದಿಲ್ಲ. ಕಾದಂಬರಿಯನ್ನು ಪೂರ್ತಿ ಓದೋಣ. ವಿಲ್ಕ್ಸನಲ್ಲಿ ಆ ಕೆಲವು ಪುಟ, ಕೌಟಿಲ್ಯನಲ್ಲಿ ಆ ಒಂದು ಅಧಿಕರಣ, ಶಾಸನಸಂಪುಟದಲ್ಲಿ ನಮ್ಮ ನಮ್ಮ ತಾಲ್ಲೂಕಿನ ಭಾಗವನ್ನು ನೋಡೋಣ. ಬೇಸಿಗೆಯ ರಜೆಗೆ ಅದು ಹೆಚ್ಚಲ್ಲ.

ಗ್ರಂಥಭಂಡಾರದ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ತಿಂಗಳಿಗೊಂದು ವಿಷಯವನ್ನಾರಿಸಿ ಇತಿಹಾಸ, ಯುದ್ಧ, ಸಂಗ್ರಹ, ಕಾದಂಬರಿ ಈ ನಾಲ್ಕು ಬಗೆಯ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಇಡಿಸಬೇಕು. ಇದಕ್ಕೆ ಹೊಸ ಹಣ ಬೇಕಿಲ್ಲ. ಪುಸ್ತಕಗಳು ಬೀರುವಿನಿಂದ ಮೇಜಿಗೆ ಬಂದರೆ ಸಾಕು. ಓದಿದವರ ಮನೆಯಲ್ಲಿ ಹುಟ್ಟಿದವನಿಗೆ ಯಾವ ಪುಸ್ತಕದ ಪಕ್ಕದಲ್ಲಿ ಯಾವುದನ್ನು ಇಟ್ಟು ನೋಡಬೇಕೆಂದು ಹೇಳಲು ತಂದೆ ಇರುತ್ತಾರೆ, ಅಣ್ಣ ಇರುತ್ತಾನೆ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ನಮ್ಮಂಥ ಅನೇಕರಿಗೆ ಅದನ್ನು ಹೇಳಬೇಕಾದುದು ಕಾಲೇಜೇ. ಪದವಿಪತ್ರ ಹೇಗೂ ಕೈಗೆ ಬರುತ್ತದೆ. ಒಬ್ಬನು ಹೇಳಿದ್ದನ್ನು ಇನ್ನೊಬ್ಬನ ಮಾತಿಗೆ ಒರೆಹಚ್ಚಿ ನೋಡುವ ಅಭ್ಯಾಸವೂ ಅದರ ಜೊತೆಗೆ ಬರಲಿ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ