ಚುಕ್ಕಿಯ ಬಲಕ್ಕಿರುವ ಗುಂಟೆ

ದೇವನಹಳ್ಳಿ ಕಡೆಯ ಜಮೀನಿನ ಪಟ್ಟಿಯಲ್ಲಿ ವಿಸ್ತೀರ್ಣ 2.20 ಎಂದಿದ್ದರೆ ರೈತ ಅದನ್ನು ಎರಡೂವರೆ ಎಕರೆ ಎಂದು ಓದುತ್ತಾನೆ. ಚುಕ್ಕಿಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. 40 ಗುಂಟೆಗೆ ಒಂದು ಎಕರೆ. ಕಂಪ್ಯೂಟರಿಗೆ ಮಾತ್ರ ಅದು ದಶಮಾಂಶ. ಎಕ್ಸೆಲ್‌ಗೆ ಹಾಕಿದೊಡನೆ ಕೊನೆಯ ಸೊನ್ನೆ ಉದುರಿ 2.2 ಆಗುತ್ತದೆ. ಅದು ಎರಡು ಗುಂಟೆಯೋ ಇಪ್ಪತ್ತೋ? ನಡುವೆ 18 ಗುಂಟೆ, ಅಂದರೆ 19,602 ಚದರಡಿ ನೆಲವಿದೆ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡುವವರೆಗೆ ರೈತರು ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದ ತಾಲ್ಲೂಕಿದು. ಇಲ್ಲಿ ಗುಂಟೆಯ ಲೆಕ್ಕ ತಪ್ಪುವಂತಿಲ್ಲ.

ಅಂಕಿ ಯಾವ ಬಗೆಯದು, ಅಂದರೆ ಅದರ ಪ್ರಕಾರ (ಟೈಪ್) ಏನು, ಎಂದು ತಿಳಿಯದ ಕಾಲಂ ಎದುರಾದಾಗ ಯಂತ್ರ ಊಹಿಸಬೇಕೇ, ನಿಂತು ಕೇಳಬೇಕೇ?

ಊಹೆಗೂ ಒಂದು ನ್ಯಾಯವಿದೆ. ಹೆಚ್ಚಿನ ಕಾಲಂಗಳಲ್ಲಿ ಅದು ಸರಿಹೋಗುತ್ತದೆ, ಕೆಲಸ ಬೇಗ ಸಾಗುತ್ತದೆ. ಆದರೆ ತಪ್ಪಿದಾಗ ಸದ್ದಿಲ್ಲದೆ ತಪ್ಪುತ್ತದೆ. 2.20ಕ್ಕೆ 1.30 ಕೂಡಿಸಿ ಯಂತ್ರ 3.50 ಎನ್ನುತ್ತದೆ, ನಿಜವಾದ ಮೊತ್ತ 4 ಎಕರೆ 10 ಗುಂಟೆ. ಎಕ್ಸೆಲ್ ಕೆಲವು ಜೀನ್‌ಗಳ ಹೆಸರನ್ನು ತಾರೀಖಾಗಿಸುತ್ತಿದ್ದುದರಿಂದ 2020ರ ಹೊತ್ತಿಗೆ ವಿಜ್ಞಾನಿಗಳು ಆ ಹೆಸರುಗಳನ್ನೇ ಬದಲಿಸಬೇಕಾಯಿತು.

ಹ್ಯಾಸ್ಕೆಲ್, ಓಕ್ಯಾಮಲ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳು ಪ್ರೋಗ್ರಾಂ ಓಡುವ ಮೊದಲೇ ಪ್ರತಿಯೊಂದರ ಪ್ರಕಾರವನ್ನು ನಿಶ್ಚಯಿಸಿಕೊಳ್ಳುತ್ತವೆ. ಗೊತ್ತಿಲ್ಲದಿದ್ದರೆ ಅದನ್ನೂ ಹೇಳಲು ದಾರಿಯಿದೆ: 'ಇದು ಎಕರೆ-ಗುಂಟೆ, ಇಲ್ಲವೇ ದಶಮಾಂಶ, ಇಲ್ಲವೇ ಬರೀ ಅಕ್ಷರ' ಎಂಬುದನ್ನೇ ಒಂದು ಪ್ರಕಾರವಾಗಿ ಬರೆಯಬಹುದು. ಕಾಲಂ ಅನ್ನು ಮೊದಲು ಅಕ್ಷರವಾಗಿಯೇ ಓದಿಕೊಂಡರೆ ಸೊನ್ನೆ ಉದುರುವುದಿಲ್ಲ. ಆಮೇಲೆ ಒಂದೊಂದೇ ಪ್ರಕಾರಕ್ಕೆ ಒಡ್ಡಿ ನೋಡಬೇಕು. ಒಂದೇ ಒಂದು ಸಾಲಿನಲ್ಲಿ ಚುಕ್ಕಿಯ ಬಲಕ್ಕೆ 65 ಸಿಕ್ಕರೂ ಎಕರೆ-ಗುಂಟೆಯೆಂಬ ಓದು ನಿಲ್ಲುವುದಿಲ್ಲ. ಎಲ್ಲ ಸಾಲುಗಳೂ 39ರೊಳಗೇ ಇದ್ದರೆ? ಎರಡು ಓದುಗಳೂ ಉಳಿಯುತ್ತವೆ. ಎಷ್ಟು ಸಾವಿರ ಸಾಲು ನೋಡಿದರೂ ಅಂಕಿಗಳು 'ಇದಲ್ಲ' ಎನ್ನಬಲ್ಲವು, 'ಇದೇ' ಎನ್ನಲಾರವು.

ಅದನ್ನು ಹೇಳಬಲ್ಲವರು ಪಹಣಿ ಬರೆದವರು, ಹೊಲ ಉಳುವವರು. ಅವರನ್ನು ಕೇಳಿ ತೀರ್ಮಾನಿಸುವವರೆಗೆ ಅಂಕಿ ಕೂಡಿಸಲು ಬಿಡದ ಭಾಷೆಯನ್ನು ನಾನು ಹಟಮಾರಿ ಎನ್ನಲಾರೆ. ಅದು ನೆಲದ ಒಡೆಯನ ಪರವಾಗಿ ನಿಂತಿದೆ. ಪಟ್ಟಿ ನಕಲು ಮಾಡುವವರು ಕಾಲಂ ಅನ್ನು ಅಕ್ಷರವಾಗಿಯೇ ಉಳಿಸಿಕೊಂಡು ಅದರ ತಲೆಯ ಮೇಲೆ 'ಎಕರೆ-ಗುಂಟೆ' ಎಂದು ಬರೆದರೆ ಸಾಕು, ಆ 18 ಗುಂಟೆ ಉಳಿಯುತ್ತದೆ.